ನಿಲ್ಲಲಾರದ ಮೀನು, ನೂರು ತೆರೆ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ನನ್ನನ್ನು ಕೇಳಬೇಡಿ, ವರ್ಷ ಎಣಿಸುವವರೇ ಆಗ ಹುಟ್ಟಿರಲಿಲ್ಲ, ಪಡುವಣ ಸಮುದ್ರದ ದಂಡೆಯಲ್ಲಿ ಪಡುಕೋಡಿ ಎಂಬ ರಾಜ್ಯವಿತ್ತು. ರಾಜ್ಯ ಎಂದ ಕೂಡಲೇ ಆನೆ, ಕುದುರೆ, ಚಿನ್ನದ ಕಂಬ ಎಂದು ಕಣ್ಣರಳಿಸಬೇಡಿ. ಅರಮನೆಗೆ ತೆಂಗಿನ ಗರಿಯ ಮಾಡು. ರಾಜನ ಅಂಗಳದಲ್ಲೇ ಊರವರು ಬಲೆ ಒಣಗಿಸುತ್ತಿದ್ದರು. ರಾಜನ ಹೆಸರು ಮಲ್ಲರಸ. ಒಳ್ಳೆಯವನು, ಆದರೆ ಅಂಜುಬುರುಕ. ಅವನ ಇಬ್ಬರು ಅಣ್ಣಂದಿರನ್ನೂ ಹೆಂಡತಿಯನ್ನೂ ಕಡಲೇ ನುಂಗಿತ್ತು. ಅಂಥವನು ಅಂಜದೆ ಇನ್ನೇನು ಮಾಡುತ್ತಾನೆ, ನೀವೇ ಹೇಳಿ.

ಪಡುಕೋಡಿಯವರಿಗೆ ಒಂದು ಪದ್ಧತಿ ಇತ್ತು. ಹತ್ತು ದಿನ ದೋಣಿಯಲ್ಲಿದ್ದು ಬಂದವನು ನೆಲಕ್ಕೆ ಕಾಲಿಟ್ಟರೂ ಮೈ ತೂಗುತ್ತಲೇ ಇರುತ್ತದಲ್ಲ? ಅದಕ್ಕೆ ಅವರು ಮೈಯಲ್ಲಿ ತೆರೆ ಉಳಿದಿದೆ ಎನ್ನುತ್ತಿದ್ದರು. ಹಾಗೆ ಬಂದವರನ್ನು ನೇರ ಮನೆಗೆ ಬಿಡುತ್ತಿರಲಿಲ್ಲ. ಊರ ಹಿಂದಿನ ಮಡುವಿಗೆ ಕರೆದೊಯ್ದು, ಕುತ್ತಿಗೆಯವರೆಗೆ ನಿಂತ ನೀರಿನಲ್ಲಿ ಕೂರಿಸಿ, ತೆರೆ ಇಳಿಸುತ್ತಿದ್ದರು. ತೂಗುವುದು ನಿಂತ ಮೇಲೆಯೇ ಗಂಜಿ, ಮಾತು, ಮನೆ. ಹುಟ್ಟಿದಾಗಿನಿಂದ ಇದನ್ನೇ ಕಂಡವರು ಅವರು. ಕಡಲಿನಿಂದ ಬಂದ ಜೀವಕ್ಕೆ ನಿಂತ ನೀರಿಗಿಂತ ದೊಡ್ಡ ಸುಖ ಬೇರೆ ಇಲ್ಲ ಎಂದೇ ನಂಬಿದ್ದರು.

ಆ ಊರಿನಲ್ಲಿ ಸೇಸಿ ಎಂಬ ಹೆಣ್ಣು ಇದ್ದಳು. ಇಪ್ಪತ್ತರ ಹರೆಯ. ಅವಳ ಕೆಲಸ ನೀರು ನೋಡುವುದು. ದಂಡೆಯ ಕಪ್ಪು ಬಂಡೆಯ ಮೇಲೆ ನಿಂತು, ನೀರಿನ ಬಣ್ಣ ನೋಡಿ, ಅದರ ನಡುಕ ನೋಡಿ, ಮೀನಿನ ಹಿಂಡು ಎಲ್ಲಿದೆ ಎಂದು ಬಿಳಿಯ ಬಟ್ಟೆ ಬೀಸಿ ತೋರಿಸಬೇಕು. ಅವಳು ಬಟ್ಟೆ ಬೀಸಿದ ಕಡೆ ಬಲೆ ಬಿಟ್ಟವರು ಬರಿಗೈಯಲ್ಲಿ ಬಂದದ್ದೇ ಇಲ್ಲ. ಅದರ ಹೆಮ್ಮೆ ಅವಳಿಗೆ ಸ್ವಲ್ಪ ಜಾಸ್ತಿಯೇ ಇತ್ತು ಅನ್ನಿ.

ಮಲ್ಲರಸನಿಗೆ ಒಬ್ಬಳೇ ಮಗಳು, ಹೊನ್ನಾಜಿ. ಅಬ್ಬಬ್ಬಾ, ಆ ಹುಡುಗಿ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಳೋ ಏನೋ! ಕೂತಲ್ಲಿ ಕೂರುವವಳಲ್ಲ. ಊಟಕ್ಕೆ ಕೂತರೆ ಒಂದು ತುತ್ತು ಇಲ್ಲಿ, ಇನ್ನೊಂದು ತುತ್ತು ಅಂಗಳದಲ್ಲಿ. ಹಣೆಗೆ ಕಾಸಗಲದ ಕುಂಕುಮ ಇಟ್ಟುಕೊಂಡು ಅವಳು ದಂಡೆಯ ಮೇಲೆ ಓಡುತ್ತಿದ್ದರೆ, "ಮಗಳೇ, ನೀರಿನ ಹತ್ತಿರ ಹೋಗಬೇಡ" ಎಂದು ಹಿಂದಿನಿಂದ ರಾಜ ಏದುಸಿರು ಬಿಡುತ್ತಾ ಬರುತ್ತಿದ್ದ.

ಹೀಗಿರುವಾಗ ಒಂದು ದಿನ ಊರಿಗೆ ಒಬ್ಬ ಮಾಟಗಾರ ಬಂದ. ಬಿಳಿಚಿದ ಮುಖ, ರೆಪ್ಪೆ ಬಡಿಯದ ಕಣ್ಣು, ಕೈಯಲ್ಲಿ ಕಲ್ಲಿನ ಕೋಲು. ಆ ಕೋಲನ್ನು ಯಾವುದರ ಕಡೆ ಚಾಚಿದರೆ ಅದು ನಿಂತಲ್ಲೇ ನಿಲ್ಲುತ್ತಿತ್ತು. ಒಂದು ಸಲಕ್ಕೆ ಒಂದೇ, ಆದರೆ ಆ ಒಂದು ಏನು ಬೇಕಾದರೂ ಆಗಬಹುದು. ಹಾರುವ ಹಕ್ಕಿ ಗಾಳಿಯಲ್ಲೇ ನಿಂತಿತು. ಬೀಳುವ ಕಾಯಿ ಮರದ ಅರ್ಧದಲ್ಲೇ ನಿಂತಿತು. ಜನ ಅವನನ್ನು ನಿಲುಗಾರ ಎಂದು ಕರೆದರು.

ನಿಲುಗಾರ ರಾಜನಿಗೆ ಹೇಳಿದ: "ಅರಸಾ, ಅಪ್ಪಣೆ ಕೊಡು. ನಿನ್ನ ಕಡಲನ್ನೇ ನಿಲ್ಲಿಸಿಬಿಡುತ್ತೇನೆ. ತೆರೆ ಇಲ್ಲ, ಸುಳಿ ಇಲ್ಲ. ಇನ್ನು ಯಾರ ಮನೆಯಲ್ಲೂ ಯಾರೂ ಮುಳುಗಿ ಸಾಯುವುದಿಲ್ಲ. ಬದಲಿಗೆ ಈ ದಂಡೆ ನನ್ನದಾಗಬೇಕು, ಅಷ್ಟೇ."

ಮಲ್ಲರಸ ಕಣ್ಣಲ್ಲಿ ನೀರು ತುಂಬಿಕೊಂಡ. ಹೂಂ ಎನ್ನುವುದೊಂದು ಬಾಕಿ. ಅಷ್ಟರಲ್ಲಿ ಸಭೆಯ ಹಿಂದಿನಿಂದ ಕಿಸಕ್ಕನೆ ನಗು ಕೇಳಿಸಿತು. ಹೊನ್ನಾಜಿ!

"ಎಂತದು ಅಪ್ಪಯ್ಯ ಇದು? ನಿಂತ ಕಡಲಿನಲ್ಲಿ ಮೀನು ಎಲ್ಲಿಂದ ಬರ್ತದೆ? ಮಳೆ ಎಲ್ಲಿಂದ ಬರ್ತದೆ? ಇವನಿಗೆ ನಿಲ್ಲಿಸುವುದು ಬಿಟ್ಟು ಬೇರೆ ಏನೂ ಗೊತ್ತಿಲ್ಲ."

ಅವಳ ಜೊತೆ ಸಭೆಯೂ ನಕ್ಕಿತು. ರಾಜನಿಗೂ ನಗು ಬಂತು. ನಿಲುಗಾರನ ಬಿಳಿಚಿದ ಮುಖ ಕೆಂಪಾಯಿತು.

"ಒಂದು ಗಳಿಗೆ ನಿಲ್ಲಲಾರದವಳೇ, ನಿಲ್ಲಲಾರದ ಮೀನೇ ಆಗು!" ಎಂದು ಅವನು ಕೂಗಿದ. "ನಿನ್ನ ಅಪ್ಪನ ದಂಡೆಗೆ ಬಂದು, ನೂರು ತೆರೆ ಎಣಿಸುವಷ್ಟು ಹೊತ್ತು, ಜೀವಸಹಿತ ಇದ್ದಲ್ಲೇ ಇದ್ದರೆ ಮತ್ತೆ ಹೆಣ್ಣಾಗುವೆ. ಮೂರನೆಯ ಮಳೆಗಾಲದೊಳಗೆ ಅದು ಆಗದಿದ್ದರೆ ಮೀನಾಗಿಯೇ ಇರು. ಆಮೇಲೆ ಈ ದಂಡೆಯೂ ನನ್ನದು!"

ನೋಡನೋಡುತ್ತ ಹೊನ್ನಾಜಿ ಮೀನಾದಳು. ಆಳುದ್ದದ ಗೆದರೆ ಮೀನು, ಪೇಟೆಯವರು ಟ್ಯೂನಾ ಎನ್ನುತ್ತಾರಲ್ಲ, ಅದು. ಅಂಗಳದಲ್ಲಿ ಬಿದ್ದು ಪಟಪಟ ಬಡಿದುಕೊಳ್ಳುತ್ತಿದ್ದವಳನ್ನು ಜನ ಎತ್ತಿಕೊಂಡು ಓಡಿ ಕಡಲಿಗೆ ಬಿಟ್ಟರು. ಬಿಟ್ಟದ್ದೇ ತಡ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೀನು ಮಾಯ. ನಿಲುಗಾರನೂ ಮಾಯ.

ರಾಜ ತಲೆಯ ಮೇಲೆ ಕೈ ಹೊತ್ತು ಕೂತ. ಆದರೆ ಜನ ಅವನಿಗೆ ಧೈರ್ಯ ಹೇಳಿದರು. "ಒಡೆಯಾ, ನೂರು ತೆರೆ ಎಷ್ಟು ಹೊತ್ತು? ಒಂದು ಅನ್ನ ಬೇಯುವಷ್ಟು ಹೊತ್ತು. ಅಮ್ಮಣ್ಣಿ ಬರಲಿ, ನಾವು ತೆರೆ ಇಳಿಸುವುದಿಲ್ಲವೇ?"

ಹೌದಲ್ಲ ಎನಿಸಿತು ರಾಜನಿಗೆ. ಕೂಡಲೇ ದಂಡೆಯ ಪಕ್ಕ ಕಲ್ಲು ಕಟ್ಟಿಸಿ, ಕಡಲ ನೀರನ್ನೇ ಒಳಗೆ ತುಂಬಿಸಿ, ಒಂದು ಮಡು ಮಾಡಿಸಿದ. ಗಾಳಿ ಸೋಕದಂತೆ ಸುತ್ತ ಗರಿಯ ತಡಿಕೆ. ತಳಕ್ಕೆ ಬಿಳಿಯ ಮರಳು. ನೋಡಿದರೆ ಕನ್ನಡಿ, ಒಂದು ಸುಕ್ಕಿಲ್ಲ. ಇಡೀ ಊರು ಒಂದು ಕೂಲಿ ಕೇಳದೆ ಕಲ್ಲು ಹೊತ್ತಿತ್ತು. ಪ್ರೀತಿಯಿಂದ ಹೊತ್ತಿತ್ತು, ಅದನ್ನು ನಾನು ಹೇಳಲೇಬೇಕು.

ಗೆದರೆ ಮೀನು ದಂಡೆಯ ಮೀನಲ್ಲ. ಅದರ ಮನೆ ನಡುಸಮುದ್ರ. ಮಳೆಗಾಲ ಮುಗಿದ ಮೇಲೆ, ಬೂತಾಯಿ ಎಂಬ ಸಣ್ಣ ಮೀನಿನ ಹಿಂಡನ್ನು ಅಟ್ಟಿಕೊಂಡು, ವರ್ಷಕ್ಕೊಮ್ಮೆ ಮಾತ್ರ ಪಡುಕೋಡಿಯ ಪಕ್ಕದಲ್ಲಿ ಹಾದುಹೋಗುತ್ತಿತ್ತು. ಸೇಸಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಂಡೆಯ ಮೇಲೆ ಕಾದಳು. ಹನ್ನೊಂದನೆಯ ದಿನ ದೂರದಲ್ಲಿ ನೀರು ಕಪ್ಪುನೀಲಿಯಾಯಿತು. ಸಾವಿರ ಬೆನ್ನುಗಳ ನಡುವೆ ಒಂದು ಮೀನಿನ ಹಣೆಯ ಮೇಲೆ ಕೆಂಪು ಬೊಟ್ಟು. ಸೇಸಿ ಬಟ್ಟೆ ಬೀಸಿದಳು. ದೋಣಿಗಳು ಸುತ್ತುವರಿದವು. ಬಲೆಯ ಗೋಡೆ ಹಿಡಿದು ಆ ಒಂದು ಮೀನನ್ನು ಮೆಲ್ಲಗೆ ಮಡುವಿನೊಳಗೆ ತಂದರು, ಕಲ್ಲಿನ ಬಾಗಿಲು ಮುಚ್ಚಿದರು.

"ಬಂದೆಯಾ ನನ್ನ ತಾಯೀ!" ಎಂದು ರಾಜ ಮೊಣಕಾಲೂರಿದ.

ಗೋಡೆಯ ಹೊರಗೆ ತೆರೆ ಬಡಿಯಿತು. ಒಂದು. ಎರಡು. ಊರೇ ಎಣಿಸತೊಡಗಿತು. ಮೀನು ಮೊದಲು ಸುತ್ತಿ ಸುತ್ತಿ ಈಜಿತು. ಮಡು ಚಿಕ್ಕದು, ಮೀನು ದೊಡ್ಡದು. ಗೋಡೆಗೆ ಮೂತಿ ತಗುಲಿತು. ಹತ್ತನೆಯ ತೆರೆಗೆ ನಿಧಾನವಾಯಿತು. ಇಪ್ಪತ್ತಕ್ಕೆ ಇನ್ನೂ ನಿಧಾನ.

"ಇಳಿಯುತ್ತಾ ಇದೆ, ಇಳಿಯುತ್ತಾ ಇದೆ! ಅಮ್ಮಣ್ಣಿಯ ಮೈಯ ತೆರೆ ಇಳಿಯುತ್ತಾ ಇದೆ!" ಎಂದು ಜನ ಚಪ್ಪಾಳೆ ತಟ್ಟಿದರು.

ಮೂವತ್ತಕ್ಕೆ ಮೀನು ನಿಂತಿತು. ರಾಜನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು. ಆದರೆ ಸೇಸಿ ನೀರು ನೋಡುವವಳಲ್ಲವೇ? ಅವಳು ಬಗ್ಗಿ ನೋಡಿದಳು. ಮಡುವಿನ ಮೀನು, ಹೊಳೆಯ ಮೀನು ಸುಮ್ಮನೆ ನಿಂತರೂ ಕಿವಿರು ಪಟಪಟ ಆಡಿಸುತ್ತದೆ. ಈ ಮೀನಿನ ಕಿವಿರು ಆಡುತ್ತಿಲ್ಲ. ಬಾಯಿ ತೆರೆದೇ ಇದೆ, ನೀರು ಒಳಗೆ ಹೋಗುತ್ತಿಲ್ಲ. ಕಪ್ಪುನೀಲಿಯ ಬೆನ್ನು ಬೂದಿಯ ಬಣ್ಣಕ್ಕೆ ತಿರುಗುತ್ತಿದೆ. ನಲವತ್ತನೆಯ ತೆರೆಗೆ ಮೀನು ಮಗ್ಗುಲಾಯಿತು.

"ಒಡೆಯಾ, ಅಮ್ಮಣ್ಣಿ ಸಾಯ್ತಾ ಇದ್ದಾರೆ!" ಎಂದು ಕಿರುಚಿ ಸೇಸಿ ಬಾಗಿಲ ಕಲ್ಲನ್ನು ಎರಡೂ ಕೈಯಿಂದ ಕಿತ್ತಳು. ಕಡಲು ಒಳಗೆ ನುಗ್ಗಿತು. ನೀರು ಬಾಯಿಗೆ ಬಡಿದದ್ದೇ ಮೀನಿಗೆ ಜೀವ ಬಂತು. ಬಾಲ ಒಂದು ಸಲ ಬೀಸಿ ಹೊರಗೆ ಹೋಯಿತು.

ರಾಜ ಸಿಟ್ಟಿನಿಂದ ಎದ್ದು ನಿಂತ. "ಅರವತ್ತೇ ತೆರೆ ಬಾಕಿ ಇತ್ತು! ನೀನೇ ನನ್ನ ಮಗಳನ್ನು ಕಳೆದೆ. ಅವಳನ್ನು ಕರೆದುಕೊಂಡೇ ಬಾ. ಇಲ್ಲದಿದ್ದರೆ ಈ ದಂಡೆ ತುಳಿಯಬೇಡ."

ಮೀನನ್ನು ತೋರಿಸಿದ್ದೂ ಸೇಸಿಯೇ, ಬಿಟ್ಟದ್ದೂ ಅವಳೇ. ದಂಡೆಯ ತುದಿಯಲ್ಲಿ ಕೂತು ಅತ್ತಳು. ಆಗ ಮೊಟ್ಟೆಯಿಡಲು ಬಂದಿದ್ದ ಒಂದು ಮುದಿ ಕಡಲಾಮೆ ತಲೆ ಎತ್ತಿತು.

"ಎಂತಕ್ಕೆ ಅಳ್ತಿ ಮಾರಾಯ್ತಿ? ನಾನೂ ಇದೇ ಮರಳಿನಲ್ಲಿ ಹುಟ್ಟಿದವಳು. ಒಂದೇ ಊರಿನವರು ಅಂದ ಮೇಲೆ ಅಷ್ಟು ಮಾಡದಿದ್ದರೆ ಹೇಗೆ? ಬೆನ್ನು ಹತ್ತು."

ಆಮೆಯಜ್ಜಿ ಸೇಸಿಯ ಮೂಗಿಗೆ ಒಂದು ಚಿಟಿಕೆ ಪಾಚಿ ಹಚ್ಚಿದಳು. ಅಂದಿನಿಂದ ಸೇಸಿಗೆ ನೀರೊಳಗೂ ಉಸಿರಾಟ. ಇಬ್ಬರೂ ಹೊರಟರು.

ಹಸಿರು ನೀರು ದಾಟಿದರು, ನೀಲಿ ನೀರು ಬಂತು. ಅಲ್ಲಿ ತಳ ಎಂಬುದೇ ಇಲ್ಲ. ಅಲ್ಲಿ ನಿಲುಗಾರ ಕಾವಲಿಟ್ಟಿದ್ದ ಕಡಲಹದ್ದು ಒಂದಿತ್ತು. ರೆಕ್ಕೆ ಬಿಚ್ಚಿದರೆ ಎರಡು ದೋಣಿಗೆ ನೆರಳು. ಅದು ಸೇಸಿಯ ಜುಟ್ಟು ಹಿಡಿದು ಎತ್ತಿತು.

"ಕೆಂಪು ಬೊಟ್ಟಿನ ಮೀನನ್ನು ಕೊಲ್ಲಬೇಕು ಎಂದು ನನಗೆ ಅಪ್ಪಣೆ. ಎಷ್ಟೋ ತಿಂಗಳಿಂದ ನೋಡುತ್ತಿದ್ದೇನೆ, ಮೇಲಿನಿಂದ ಬರೀ ನೀಲಿ ಕಾಣುತ್ತದೆ. ನೀರು ನೋಡುವವಳು ನೀನೇ ಅಲ್ಲವೇ? ತೋರಿಸು. ಇಲ್ಲದಿದ್ದರೆ ನಿನ್ನ ಕಣ್ಣು ಕುಕ್ಕುತ್ತೇನೆ."

ಸೇಸಿ ಕೆಳಗೆ ನೋಡಿದಳು. ಹಿಂಡು ಅವಳ ಕಾಲ ಕೆಳಗೇ ಇತ್ತು! ಗೆದರೆಯ ಬೆನ್ನು ಕಡಲಿನ ನೀಲಿ, ಹೊಟ್ಟೆ ಬೆಳ್ಳಿ. ಮೇಲಿನಿಂದ ನೋಡಿದರೆ ಆಳದಲ್ಲಿ ಬೆರೆಯುತ್ತದೆ, ಕೆಳಗಿನಿಂದ ನೋಡಿದರೆ ಬೆಳಕಿನಲ್ಲಿ ಬೆರೆಯುತ್ತದೆ. ಹದ್ದಿಗೂ ಕಾಣದು, ಶಾರ್ಕಿಗೂ ಕಾಣದು. ಬಾಲದ ಹತ್ತಿರ ಸಾಲಾಗಿ ಇರುವ ಹಳದಿಯ ಪುಟ್ಟ ರೆಕ್ಕೆಗಳು ತಿರುಗುವಾಗ ಒಮ್ಮೆ ಮಿನುಗುತ್ತವೆ, ಅಷ್ಟೇ. ಆ ಮಿನುಗನ್ನು ಕಂಡು ಕೈ ತೋರಿಸುವುದೇ ಸೇಸಿಯ ಹೊಟ್ಟೆಪಾಡಾಗಿತ್ತು. ಕೈ ತಾನಾಗಿಯೇ ಏಳುವುದರಲ್ಲಿತ್ತು. ಅದನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು.

"ಅಗೋ ಅಲ್ಲಿ" ಎಂದು ದೂರದ ಮೋಡದ ನೆರಳನ್ನು ಗದ್ದದಿಂದ ತೋರಿಸಿದಳು. ಹದ್ದು ಅವಳನ್ನು ಬಿಟ್ಟು ನೆರಳಿನ ಬೆನ್ನು ಹತ್ತಿತು. ಮೋಡ ಓಡಿತು, ಹದ್ದೂ ಓಡಿತು, ಎರಡೂ ದಿಗಂತ ದಾಟಿ ಹೋದವು. ಜೀವಮಾನದಲ್ಲಿ ಮೊದಲ ಸಲ ಸೇಸಿ ಕಂಡ ಮೀನನ್ನು ತೋರಿಸದೆ ಬಿಟ್ಟಿದ್ದಳು.

ಅಲ್ಲಿಂದ ಹಿಂಡು ಆಳಕ್ಕೆ ಇಳಿಯಿತು. "ಮುಂದೆ ನನ್ನಿಂದಾಗದು" ಎಂದಳು ಆಮೆಯಜ್ಜಿ. "ಕೆಳಗೆ ಕೊರೆಯುವ ಚಳಿ. ನನ್ನ ರಕ್ತ ತಣ್ಣಗಿನದು, ಹೆಪ್ಪುಗಟ್ಟಿ ಹೋಗ್ತದೆ. ನೀನು ಹೋಗಿ ಬಾ, ನಾನು ನಮ್ಮ ಮರಳಿಗೆ ವಾಪಸು ಹೋಗ್ತೇನೆ."

ಸೇಸಿ ಒಬ್ಬಳೇ ಇಳಿದಳು. ಬೆಳಕು ಹೋಯಿತು. ಕೈಬೆರಳು ಮರಗಟ್ಟಿತು. ಅಲ್ಲಿ ಎರಡನೆಯ ಕಾವಲು, ಮಂಜಿನ ಹಾವುಮೀನು. ಅದು ಯಾರನ್ನು ಸುತ್ತಿಕೊಂಡರೆ ಅವರು ತಣ್ಣಗಾಗಿ ಕಲ್ಲಾಗುತ್ತಿದ್ದರು. ಸುತ್ತ ಎಷ್ಟೋ ಕಲ್ಲಿನ ಮೀನುಗಳು, ಎರಡು ಮೂರು ಕಲ್ಲಿನ ನಾವಿಕರು. ಹಾವುಮೀನು ಸೇಸಿಯ ಕಾಲಿಗೆ ಸುತ್ತಿತು, ಸೊಂಟಕ್ಕೆ ಸುತ್ತಿತು. ಇನ್ನೇನು ಎದೆ ಎನ್ನುವಾಗ ಕತ್ತಲೆಯಲ್ಲಿ ಏನೋ ಬಂದು ಅವಳ ಪಕ್ಕೆಗೆ ಒರಗಿತು. ಸೇಸಿ ಅದನ್ನು ತಬ್ಬಿಕೊಂಡಳು.

ಬೆಚ್ಚಗಿತ್ತು! ಒಲೆಯ ಹಿಂದಿನ ಗೋಡೆ ಇರುತ್ತದಲ್ಲ, ಹಾಗೆ ಬೆಚ್ಚಗಿತ್ತು. ಮೀನಿಗೆ ಬಿಸಿರಕ್ತವೇ ಎಂದು ನೀವು ಕೇಳಬಹುದು. ಗೆದರೆಗೆ ಇದೆ. ಅದು ಒಂದು ಗಳಿಗೆಯೂ ನಿಲ್ಲದೆ ಈಜುತ್ತದೆ, ಈಜಿದ ಬಿಸಿಯನ್ನು ಮೈಯೊಳಗೇ ಉಳಿಸಿಕೊಳ್ಳುತ್ತದೆ. ಅದಕ್ಕೇ ಚಳಿಯ ನೀರಿಗೂ ಹೋಗುತ್ತದೆ, ಬಿಸಿಯ ನೀರಿಗೂ ಹೋಗುತ್ತದೆ. ಆ ಬಿಸಿ ತಾಳಲಾರದೆ ಹಾವುಮೀನು ಸುರುಳಿ ಬಿಚ್ಚಿಕೊಂಡು ಓಡಿತು.

ಸೇಸಿ ಮೀನಿನ ಮೈಗೆ ಕಿವಿ ಒತ್ತಿದ್ದಳು. ಒಳಗಿನಿಂದ ಮಾತು ಕೇಳಿಸಿತು.

"ಸೇಸಿ, ಚಳಿ ಬಿಟ್ಟಿತಾ?"

"ಅಮ್ಮಣ್ಣೀ!" ಎಂದು ಸೇಸಿ ಬಿಕ್ಕಿದಳು. "ನನ್ನಿಂದ ನೀವು ಸಾಯ್ತಿದ್ದಿರಿ. ನಾನೇ ಬಟ್ಟೆ ಬೀಸಿದ್ದು."

"ಕಲ್ಲು ಕಿತ್ತದ್ದೂ ನೀನೇ. ಅಳಬೇಡ, ಹಿಡಿದುಕೋ. ನಾನು ನಿಲ್ಲುವ ಹಾಗಿಲ್ಲ. ನಿಂತರೆ ಉಸಿರಿಲ್ಲ ನನಗೆ. ಬಾಯಿ ತೆರೆದು ಮುಂದಕ್ಕೆ ಹೋಗ್ತಾ ಇದ್ದರೆ ನೀರು ತಾನಾಗಿ ಕಿವಿರಿಗೆ ಬರ್ತದೆ. ನಿದ್ದೆ ಮಾಡಿದರೂ ಹೋಗ್ತಲೇ ಇರಬೇಕು."

ಹೊನ್ನಾಜಿ ಹೋಗುತ್ತಲೇ ಇದ್ದಳು, ಸೇಸಿ ಬೆನ್ನು ತಬ್ಬಿ ಕೂತಿದ್ದಳು. ಪಕ್ಕದ ರೆಕ್ಕೆಗಳನ್ನು ಮೈಯಲ್ಲಿದ್ದ ಸೀಳಿನೊಳಗೆ ಮಡಚಿಕೊಂಡು, ಬಿದಿಗೆ ಚಂದ್ರನಂಥ ಬಾಲ ಬೀಸಿದಳೆಂದರೆ ನೀರು ದಾರಿ ಬಿಡುತ್ತಿತ್ತು. ಎಷ್ಟೋ ದಿನ ಹಾಗೆ ಹೋದರು. ಒಂದು ದಿನ ಸೇಸಿ ಹೆದರುತ್ತಲೇ ಕೇಳಿದಳು: "ಅಮ್ಮಣ್ಣಿ, ನಿಮಗೆ ವಾಪಸು ಬರಬೇಕು ಅಂತ ಇದೆಯಾ?"

ಹೊನ್ನಾಜಿ ಬಾಲ ಎರಡು ಸಲ ಬೀಸಿದಳು. ಆಮೇಲೆ ಹೇಳಿದಳು: "ಸುಳ್ಳು ಹೇಳುವುದಿಲ್ಲ ಸೇಸಿ. ಇಲ್ಲಿ ನನಗೆ ಬೇಜಾರಿಲ್ಲ. ಅಲ್ಲಿ ಎಲ್ಲರೂ ನನಗೆ ಕೂರು ಕೂರು ಎನ್ನುತ್ತಿದ್ದರು, ಇಲ್ಲಿ ಯಾರೂ ಹಾಗೆನ್ನುವುದಿಲ್ಲ. ಆದರೆ ಅಪ್ಪಯ್ಯನ ನೆನಪಾದರೆ ಇಷ್ಟು ದೊಡ್ಡ ಕಡಲೂ ಸಾಕಾಗುವುದಿಲ್ಲ. ಅವರಿಗೆ ನಾನು ಬಿಟ್ಟರೆ ಯಾರಿದ್ದಾರೆ? ನಾನು ಬರಬೇಕು. ಸಾಯದೆ ಬರುವ ದಾರಿ ಹುಡುಕಿಕೊಡು."

ಮೂರನೆಯ ಕಾವಲು ಬಿಸಿನೀರಿನ ಸಮುದ್ರದಲ್ಲಿತ್ತು. ಗೆದರೆಗಳು ಮೊಟ್ಟೆಯಿಡುವುದು ಅಲ್ಲೇ. ಎರಡು ಹವಳದ ದ್ವೀಪಗಳ ನಡುವೆ ಓಣಿಯಂಥ ದಾರಿ, ಅದರಲ್ಲಿ ಎದುರು ಸೆಳೆತ, ಬಾಗಿಲಲ್ಲಿ ಗುಡ್ಡದಷ್ಟು ದೊಡ್ಡ ಏಡಿ. ಹೊಂಚಿ ಕೂತಿದ್ದ ಏಡಿ ಇಕ್ಕುಳದಂಥ ಒಂದು ಕೊಂಬಿನಿಂದ ಸೇಸಿಯನ್ನು ಮೀನಿನ ಬೆನ್ನಿನಿಂದ ಕಿತ್ತು ಹಿಡಿಯಿತು.

"ನಿಂತೂ ಇರಬೇಕು, ಹೋಗುತ್ತಲೂ ಇರಬೇಕು. ಅಂಥದ್ದೊಂದನ್ನು ತೋರಿಸಿದರೆ ಬಿಡುತ್ತೇನೆ. ಲೋಕದಲ್ಲಿ ಅಂಥದ್ದಿಲ್ಲ ಎಂದು ನನ್ನ ಒಡೆಯ ನಿಲುಗಾರ ಹೇಳಿದ್ದಾನೆ."

ಸೇಸಿ ಆಕಾಶ ನೋಡಿದಳು, ನೀರು ನೋಡಿದಳು. ಬೆನ್ನು ಬರಿದಾದ ಹೊನ್ನಾಜಿ ಅವಳನ್ನು ಬಿಟ್ಟು ಹೋಗಲಾರದೆ ಓಣಿಯಲ್ಲೇ ಇದ್ದಳು. ಎದುರಿನಿಂದ ಸೆಳೆತ ಬರುತ್ತಿತ್ತು, ಅವಳು ಅದಕ್ಕೆ ಮುಖ ಕೊಟ್ಟು ಅಷ್ಟೇ ವೇಗದಲ್ಲಿ ಈಜುತ್ತಿದ್ದಳು. ಪಕ್ಕದ ಹವಳದ ಕೊಂಬೆ ಅವಳ ಕಣ್ಣಿನ ನೇರಕ್ಕಿತ್ತು. ಗಳಿಗೆ ಕಳೆದರೂ ಅದೇ ಕೊಂಬೆ, ಅದೇ ಕಣ್ಣಿನ ನೇರಕ್ಕೆ! ಮೀನು ಒಂದು ಗೇಣೂ ಮುಂದೆ ಹೋಗಿಲ್ಲ. ಆದರೆ ಬಾಯಿಯಿಂದ ನೀರು ಹೋಗುತ್ತಿದೆ, ಉಸಿರು ನಡೆಯುತ್ತಿದೆ.

"ಅಯ್ಯೋ ನನ್ನ ದಡ್ಡತನವೇ!" ಎಂದು ಸೇಸಿ ಹಣೆ ಚಚ್ಚಿಕೊಂಡಳು. "ನೋಡು ಏಡಿಯಣ್ಣ, ಅಲ್ಲೇ ಇದೆ. ಮೀನು ಇದ್ದಲ್ಲೇ ಇದೆ, ಆದರೂ ಈಜಿ ಹೋಗುತ್ತಲೇ ಇದೆ."

ಏಡಿ ಕಣ್ಣಿನ ಕಡ್ಡಿ ಚಾಚಿ ಚಾಚಿ ನೋಡಿತು. ಒಪ್ಪಿಕೊಂಡು ಕೊಂಬು ಸಡಿಲಿಸಿತು. ಅದು ಮಾತಿಗೆ ತಪ್ಪದ ಏಡಿ.

ಎರಡನೆಯ ಮಳೆಗಾಲ ಹೀಗೆ ದೂರದಲ್ಲೇ ಕಳೆಯಿತು. ಮೂರನೆಯದು ಶುರುವಾಗಲು ಎಂಟೇ ದಿನ ಇದೆ ಎನ್ನುವಾಗ ಪಡುಕೋಡಿಯ ಬಂಡೆ ಕಾಣಿಸಿತು. ದಂಡೆಯಲ್ಲಿ ರಾಜ ನಿಂತಿದ್ದ. ಗಡ್ಡ ಬೆಳೆದು, ಬೆನ್ನು ಬಾಗಿ, ಗುರುತೇ ಸಿಗದಂತಾಗಿದ್ದ.

ಸೇಸಿ ದಡ ತುಳಿಯಲಿಲ್ಲ. ನೀರಿನಲ್ಲೇ ನಿಂತು ಎಲ್ಲವನ್ನೂ ಹೇಳಿದಳು. "ಒಡೆಯಾ, ಹೊಳೆ ಕಡಲಿಗೆ ಸೇರುವ ಅಳಿವೆ ಇದೆಯಲ್ಲ, ನಾಳೆ ಮಧ್ಯಾಹ್ನ ಉಬ್ಬರದ ನೀರು ಅದರ ಬಾಯಲ್ಲಿ ರಭಸದಿಂದ ಒಳಗೆ ಬರ್ತದೆ. ಸೆಳೆತ ಒಂದೇ ಸಮ ಇರುವುದಿಲ್ಲ, ಅದಕ್ಕೆ ಅಮ್ಮಣ್ಣಿಯನ್ನು ಕದಲದ ಹಾಗೆ ಅಲ್ಲಿ ಹಿಡಿಯಬೇಕು. ಹಿಡಿಯುವವರು ನೀವು. ಅವರ ಮುಖ ಕಡಲಿನ ಕಡೆಗೇ ಇರಬೇಕು. ನೀರು ಎದುರಿನಿಂದ ಬಾಯಿಗೆ ಬರಬೇಕು."

"ಕಡಲಿನ ಕಡೆಗೆ!" ಎಂದ ರಾಜ. "ಮನೆಗೆ ಬಂದ ಮಗಳ ಮುಖವನ್ನು ಮನೆಯ ಕಡೆಯಿಂದ ತಿರುಗಿಸಿ ಹಿಡಿಯುವುದೇ? ಕೈ ಜಾರಿದರೆ ಹೋಗಿಬಿಡ್ತಾಳೆ."

"ಹೌದು, ಹೋಗಿಬಿಡಬಹುದು."

ಮಾರನೆಯ ದಿನ, ಇಪ್ಪತ್ತು ವರ್ಷಗಳಿಂದ ಕಡಲಿಗೆ ಕಾಲಿಡದ ರಾಜ ಎದೆಮಟ್ಟದ ನೀರಿಗೆ ಇಳಿದ. ಕೆಂಪು ಬೊಟ್ಟಿನ ಮೀನು ತಾನಾಗಿ ಅವನ ತೋಳಿನೊಳಗೆ ಬಂತು. ಮುಖ ಕಡಲಿಗೆ, ಬಾಲ ಮನೆಗೆ. ರಾಜನಿಗೆ ಮಗಳ ಮುಖ ಕಾಣುತ್ತಿರಲಿಲ್ಲ. ಬೆಚ್ಚಗಿನ ಮೈ ಮಾತ್ರ ಕೈಗೆ ಸಿಗುತ್ತಿತ್ತು.

ಒಂದು. ಎರಡು. ಮೂರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಲವತ್ತು ದಾಟಿತು, ಬೆನ್ನು ನೀಲಿಯಾಗಿಯೇ ಇತ್ತು. ಅರವತ್ತಕ್ಕೆ ರಾಜನ ತೋಳು ಸೋತಿತು. "ಒಂದೇ ಸಲ ಮುಖ ನೋಡಲಾ?" ಎಂದ. "ತಿರುಗಿಸಬೇಡಿ ಒಡೆಯಾ!" ಎಂದಳು ಸೇಸಿ. ರಾಜ ಹಲ್ಲು ಕಚ್ಚಿ ಹಿಡಿದ. ಎಂಬತ್ತು. ತೊಂಬತ್ತು.

ತೊಂಬತ್ತೊಂದಕ್ಕೆ ಅಳಿವೆಯ ಮರಳುದಿಬ್ಬದ ಮೇಲೆ ನಿಲುಗಾರ ಕಾಣಿಸಿಕೊಂಡ. ಕಲ್ಲಿನ ಕೋಲನ್ನು ಉಬ್ಬರದ ಕಡೆ ಚಾಚಿದ. ಅಷ್ಟೇ! ಕಡಲು ಗಾಜಾಯಿತು. ತೆರೆ ಎತ್ತಿದಲ್ಲೇ ನಿಂತಿತು. ಸೆಳೆತ ನಿಂತಿತು. ರಾಜನ ತೋಳಿನಲ್ಲಿ ಮೀನಿನ ಬೆನ್ನು ಬೂದಿಯಾಗತೊಡಗಿತು.

"ಎಣಿಸಿ!" ಎಂದು ನಿಲುಗಾರ ನಕ್ಕ. "ತೆರೆಯೇ ಇಲ್ಲದ ಮೇಲೆ ಏನನ್ನು ಎಣಿಸುತ್ತೀರಿ?"

"ಬಿಟ್ಟುಬಿಡ್ತೇನೆ ಸೇಸಿ, ಬಿಟ್ಟುಬಿಡ್ತೇನೆ. ಮೀನಾಗಿಯಾದರೂ ಇರಲಿ" ಎಂದು ರಾಜ ಗೋಳಾಡಿದ. ಆದರೆ ಬಿಟ್ಟರೂ ಹೋಗುವುದೆಲ್ಲಿಗೆ? ಮುಂದೆ ಗಾಜಿನ ಗೋಡೆ.

ಸೇಸಿ ಮೀನಿನ ಮುಂದೆ ಹೋಗಿ ನಿಂತಳು. ಗಾಜಿಗೂ ಮೀನಿಗೂ ನಡುವೆ ಉಳಿದಿದ್ದ ಹೊಳೆಯ ನೀರನ್ನು ಎರಡೂ ಅಂಗೈಯಿಂದ ಅದರ ಬಾಯಿಗೆ ತಳ್ಳಿದಳು. ಸಣ್ಣದೊಂದು ತೆರೆ ಎದ್ದು ರಾಜನ ಎದೆಗೆ ತಗುಲಿತು.

"ತೊಂಬತ್ತೆರಡು!" ಎಂದಳು.

ದಡದಲ್ಲಿದ್ದ ಒಬ್ಬ ಮುದುಕಿ ಸೀರೆ ಎತ್ತಿ ಕಟ್ಟಿ ನೀರಿಗೆ ಹಾರಿದಳು. ಅವಳ ಹಿಂದೆ ಇಡೀ ಊರೇ ಹಾರಿತು. ಅಂಗೈಯಿಂದ ತಳ್ಳಿದರು, ದೋಣಿಯ ಹುಟ್ಟಿನಿಂದ ತಳ್ಳಿದರು, ಮೊರ ತಂದು ತಳ್ಳಿದರು. ಸಾಲಾಗಿ ನಿಂತು, ಒಟ್ಟಿಗೆ ಹೈಸಾ ಎಂದು ಕೂಗಿ ತಳ್ಳಿದರು. ಎಷ್ಟು ತಲೆಮಾರಿನಿಂದಲೋ ನೀರನ್ನು ನಿಲ್ಲಿಸುವುದನ್ನೇ ಪ್ರೀತಿ ಎಂದುಕೊಂಡಿದ್ದ ಜನ, ಅಳುತ್ತಾ ನೀರನ್ನು ಕಲಕಿದರು. ತೊಂಬತ್ತಾರು. ತೊಂಬತ್ತೇಳು. ಕಿವಿರಿನೊಳಗೆ ನೀರು ಹೋಯಿತು. ಬೂದಿ ಬಣ್ಣ ಅಲ್ಲಲ್ಲಿ ನೀಲಿಯಾಯಿತು.

"ಅದು ತೆರೆಯಲ್ಲ! ಅದು ತೆರೆಯಲ್ಲ!" ಎಂದು ನಿಲುಗಾರ ಕಿರುಚಿದ. ತಡೆಯಲು ಅವನಿಂದಾಗಲಿಲ್ಲ. ಕೋಲು ಒಂದು ಸಲಕ್ಕೆ ಒಂದನ್ನೇ ನಿಲ್ಲಿಸುತ್ತದಲ್ಲ, ಅದು ಕಡಲನ್ನು ಹಿಡಿದಿತ್ತು. ತೊಂಬತ್ತೊಂಬತ್ತು ಎಂದು ಊರು ಕೂಗಿದಾಗ ಅವನಿಗೆ ತಾಳ್ಮೆ ತಪ್ಪಿತು. ಕೋಲನ್ನು ಕಡಲಿನಿಂದ ಎತ್ತಿ ಜನರ ಕಡೆ ತಿರುಗಿಸಿದ.

ಅಷ್ಟು ಹೊತ್ತು ಕಟ್ಟಿಹಾಕಿದ್ದ ಕಡಲು ಸುಮ್ಮನಿರುತ್ತದೆಯೇ? ಇಡೀ ಉಬ್ಬರ ಒಂದೇ ತೆರೆಯಾಗಿ ಎದ್ದು ಬಂತು. ನಿಲುಗಾರನನ್ನು ದಿಬ್ಬದಿಂದ ಕೆಡವಿತು, ಕೋಲನ್ನು ಕಸಿದು ಬಂಡೆಗೆ ಬಡಿದು ನುಚ್ಚುನೂರು ಮಾಡಿತು, ಎಲ್ಲರ ತಲೆಯ ಮೇಲೆ ಹಾದು ಹೊಳೆಯೊಳಗೆ ನುಗ್ಗಿತು. ನೀರು ಇಳಿದಾಗ ರಾಜ ಕಣ್ಣು ಮುಚ್ಚಿಕೊಂಡು, ಮುಖ ಕಡಲಿಗೆ ಮಾಡಿಕೊಂಡು, ಹಿಡಿದದ್ದನ್ನು ಹಿಡಿದೇ ನಿಂತಿದ್ದ.

"ಅಪ್ಪಯ್ಯ, ಸಾಕು, ಉಸಿರು ಕಟ್ತದೆ" ಎಂದಳು ಹೊನ್ನಾಜಿ.

ಆಮೇಲೆ ಅಪ್ಪ ಮಗಳು ಎಷ್ಟು ಅತ್ತರು, ಎಷ್ಟು ನಕ್ಕರು ಎಂದು ನಾನು ಹೇಳಹೋದರೆ ಕತೆ ಮುಗಿಯುವುದಿಲ್ಲ. ಆಳದಲ್ಲಿ ಕಲ್ಲಾಗಿದ್ದ ಮೀನುಗಳೂ ನಾವಿಕರೂ ಎದ್ದು ಅವರವರ ಮನೆ ಸೇರಿಕೊಂಡರು. ಕೋಲು ಹೋದ ಮೇಲೆ ನಿಲುಗಾರ ಒಬ್ಬ ಗೊಣಗುವ ಮುದುಕ, ಅಷ್ಟೇ. ಜನ ಅವನಿಗೂ ಗಂಜಿ ಕೊಟ್ಟು ಬಲೆ ನೇಯಲು ಕೂರಿಸಿದರು. ಸೇಸಿಗೆ ರಾಜ ಏನು ಬೇಕೆಂದು ಕೇಳಿದಾಗ ಅವಳು ಒಂದು ದೊಡ್ಡ ದೋಣಿ ಕೇಳಿದಳು, ಇಬ್ಬರು ಕೂರುವಂಥದ್ದು. ಇಬ್ಬರಿಗೆ ಯಾಕೆ ಎಂದು ರಾಜ ಕೇಳಲಿಲ್ಲ. ಅವನಿಗೆ ಗೊತ್ತಿತ್ತು.

ಮಳೆಗಾಲ ಮುಗಿಯಿತು. ಒಂದು ಬೆಳಿಗ್ಗೆ ದೂರದಲ್ಲಿ ನೀರು ಕಪ್ಪುನೀಲಿಯಾಯಿತು. ಹೊನ್ನಾಜಿ ಅಪ್ಪನ ಮುಂದೆ ಬಂದು ನಿಂತಳು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ.

"ಅಪ್ಪಯ್ಯ, ಹೋಗಿ ಬರ್ತೇನೆ."

ಮಲ್ಲರಸನೇ ನೀರಿಗಿಳಿದು ದೋಣಿ ತಳ್ಳಿದ. "ಹೋಗಿ ಬಾ ಮಗಳೇ" ಎಂದ.

ಅವಳು ಹೋದಳು, ಬಂದಳು. ಮತ್ತೆ ಹೋದಳು, ಮತ್ತೆ ಬಂದಳು. ಪಡುಕೋಡಿಯಲ್ಲಿ ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ಮಗಳು ಹೊರಟ ದಿನ ಮಾತ್ರ ಮಲ್ಲರಸ ಊಟ ಮಾಡುತ್ತಿರಲಿಲ್ಲ. ಅಪ್ಪ ಅಲ್ಲವೇ.